ಹಿಮ್ಮಡಿ ನೋವು ಮತ್ತು ಶಾಕ್‌ವೇವ್ ಯಂತ್ರ: ನಾನು ಯಾಕೆ ಕೊಳ್ಳಲಿಲ್ಲ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಝುಹರ್ ನಮಾಝ್ ಮುಗಿಸಿ ಬಂದು ಮೆಟ್ರಿಯ ನನ್ನ ದವಾಖಾನೆಯಲ್ಲಿ ಕೂತಿದ್ದೆ. ನಾಟಿಯ ದಿನಗಳು. ಕಂಪ್ಲಿ ಕಡೆಯ ಗದ್ದೆಗಳಿಗೆ ಆಳುಗಳು ಹೋಗಿಬಿಟ್ಟರೆ ಸಂಜೆಯವರೆಗೆ ರೋಗಿಗಳು ಬರುವುದು ಕಡಿಮೆ. ಆ ಹೊತ್ತಿಗೆ ಒಬ್ಬ ಹುಡುಗ ಸೂಟ್‌ಕೇಸಿನಂಥ ಪೆಟ್ಟಿಗೆ ಹಿಡಿದು ಬಂದ. ವೈದ್ಯಕೀಯ ಯಂತ್ರ ಮಾರುವ ಕಂಪನಿಯವನು. "ಸಾರ್, ಹತ್ತು ನಿಮಿಷ ಕೊಡಿ. ನಿಮ್ಮ ಕಾಲಿಗೇ ಹಚ್ಚಿ ತೋರಿಸ್ತೀನಿ" ಎಂದ.

ಪೆಟ್ಟಿಗೆಯಿಂದ ತೆಗೆದದ್ದು ಶಾಕ್‌ವೇವ್ ಯಂತ್ರ. ಪಿಸ್ತೂಲಿನಂಥ ಒಂದು ಹಿಡಿಕೆ, ಅದಕ್ಕೊಂದು ಗಾಳಿಯ ಕೊಳವೆ. ಗಾಳಿಯ ಒತ್ತಡಕ್ಕೆ ಹಿಡಿಕೆಯೊಳಗಿನ ಸಣ್ಣ ಲೋಹದ ತುಂಡು ಮುಂದಕ್ಕೆ ನುಗ್ಗಿ ತುದಿಗೆ ಬಡಿಯುತ್ತದೆ. ಆ ಪೆಟ್ಟು ಚರ್ಮದ ಮೂಲಕ ಒಳಗೆ ಇಳಿಯುತ್ತದೆ. ಸೆಕೆಂಡಿಗೆ ಹತ್ತರಿಂದ ಹದಿನೈದು ಪೆಟ್ಟು, ಒಂದು ಸಲಕ್ಕೆ ಸುಮಾರು 2000 ಪೆಟ್ಟು. ಹಿಮ್ಮಡಿಗೆ ಜೆಲ್ ಹಚ್ಚಿ ಶುರು ಮಾಡಿದ. ಅಕ್ಕಸಾಲಿಗ ಸಣ್ಣ ಸುತ್ತಿಗೆಯಿಂದ ಬಿಡುವಿಲ್ಲದೆ ತಟ್ಟಿದ ಹಾಗಿತ್ತು. ಅರ್ಧ ನಿಮಿಷಕ್ಕೆ ಸಾಕು ಎಂದೆ. ನನ್ನ ಹಿಮ್ಮಡಿಯಲ್ಲಿ ನೋವಿರಲಿಲ್ಲ, ಯಂತ್ರವೇ ಸ್ವಲ್ಪ ಹುಟ್ಟಿಸಿತು.

ಆಮೇಲೆ ಲೆಕ್ಕ ಹೇಳಿದ. ಯಂತ್ರಕ್ಕೆ ಆರು ಲಕ್ಷ, ಮೂವತ್ತಾರು ಕಂತು. ನನ್ನ ಗಡ್ಡ ನೋಡಿಯೋ ಏನೋ, "ಬಡ್ಡಿ ಇಲ್ಲ ಸಾರ್, ನಿಮ್ಮೋರಿಗೆ ಅದು ಆಗಲ್ಲ ಅಂತ ಗೊತ್ತು" ಎಂದೂ ಸೇರಿಸಿದ. ಹಿಮ್ಮಡಿ, ಭುಜ, ಮೊಣಕೈ, ಮಂಡಿ, ಸೊಂಟ ಎಲ್ಲಕ್ಕೂ ಆಗುತ್ತದೆ ಎಂದ. ಕೊನೆಗೆ ದನಿ ತಗ್ಗಿಸಿ, "ಗಂಡಸರ ತೊಂದರೆಗೂ ಬೇರೆ ತಲೆ ಬರುತ್ತೆ ಸಾರ್. ನಿಮ್ಮ ಹಕೀಮರಿಗೆ ಅದೇ ಅಲ್ವಾ ಮುಖ್ಯ ಪ್ರಾಕ್ಟೀಸು?" ಎಂದ. ಆ ಮಾತು ಚುಚ್ಚಿತು. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಎರಡು ವಾರ ಸಮಯ ಕೇಳಿದೆ. ಸುಳ್ಳು ಹೇಳುವುದಿಲ್ಲ, ಆಸೆ ಆಗಿತ್ತು. ಯುನಾನಿ ದವಾಖಾನೆ ಎಂದರೆ ಮಜೂನಿನ ಡಬ್ಬಿ, ಅರ್ಖ್‌ನ ಬಾಟಲಿ ಎಂದು ಮೂಗು ಮುರಿಯುವ ನಮ್ಮದೇ ಹುಡುಗರ ಮುಂದೆ ಹೊಳೆಯುವ ಯಂತ್ರವೊಂದನ್ನು ಇಟ್ಟುಕೊಳ್ಳುವ ಆಸೆ ಯಾವ ಹಕೀಮನಿಗಿಲ್ಲ? ಆ ಎರಡು ವಾರದಲ್ಲಿ ಸಿಕ್ಕ ಅಧ್ಯಯನಗಳನ್ನು ಓದಿದೆ, ನನ್ನ ರೋಗಿಗಳ ರಿಜಿಸ್ಟರ್ ತಿರುವಿ ಹಾಕಿದೆ, ಕೊನೆಗೆ ಬೇಡ ಎಂದೆ. ಇಂಥ ಯಂತ್ರದ ಬೋರ್ಡುಗಳು ಈಗ ಊರೂರಿಗೆ ಬರುತ್ತಿವೆ. ಹಣ ಕಟ್ಟುವ ಮೊದಲು ನಮ್ಮ ಮನೆಗಳವರಿಗೆ ಕೆಲವು ಸಂಗತಿ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ನೋವಿನ ವಿಷಯ. ಬೆಳಗ್ಗೆ ಫಜ್ರ್‌ಗೆ ಎದ್ದು ವುಝೂಗೆಂದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮುಳ್ಳು ಹೊಕ್ಕ ಹಾಗೆ ಆಗುತ್ತದೆ. ಹತ್ತು ಹೆಜ್ಜೆ ನಡೆದರೆ ಸ್ವಲ್ಪ ಸಡಿಲ. ಮತ್ತೆ ಕೂತು ಎದ್ದರೆ ಅದೇ ಪಾಡು. ಹೀಗೆ ಹೇಳಿಕೊಂಡು ಬರುವವರು ನನ್ನಲ್ಲಿ ಬೇಕಾದಷ್ಟು ಜನ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗಟ್ಟಿ ಬೂಟು ಹಾಕಿ ಇಡೀ ಪಾಳಿ ನಿಲ್ಲುವ ಹುಡುಗರಿದ್ದಾರೆ, ಸಂಡೂರಿನ ಗಣಿ ಲಾರಿ ಓಡಿಸುವವರಿದ್ದಾರೆ, ಹೊಸಪೇಟೆಯ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರುವವರಿದ್ದಾರೆ. ಎಲ್ಲರಿಗಿಂತ ಹೆಚ್ಚು ನಮ್ಮ ಮನೆಯ ಹೆಂಗಸರು. ಮೊದಲು ನೆಲ ಸಗಣಿ ಸಾರಿಸಿದ್ದೋ ಕಡಪ ಕಲ್ಲಿನದೋ ಇರುತ್ತಿತ್ತು, ಕೂತು ಅಡುಗೆ ಮಾಡುತ್ತಿದ್ದರು. ಈಗ ಟೈಲ್ಸ್ ನೆಲ, ನಿಂತು ಅಡುಗೆ, ಬರಿಗಾಲು. ಇದರ ಜೊತೆಗೆ ಮೈಭಾರ.

ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಪಾದದಡಿಯಲ್ಲಿ ಒಂದು ದಪ್ಪ ಪಟ್ಟಿ ಇದೆ. ಬಿಲ್ಲಿಗೆ ಹೆದೆ ಇದ್ದ ಹಾಗೆ. ಅದು ಹಿಮ್ಮಡಿಗೆ ಅಂಟಿಕೊಳ್ಳುವ ಜಾಗದಲ್ಲಿ ಸವೆದು, ಮಾಯದೆ, ದಪ್ಪಗಾಗಿ ನೋಯುತ್ತದೆ. ಆಸ್ಪತ್ರೆಯವರು ಪ್ಲಾಂಟರ್ ಫೇಶಿಯೈಟಿಸ್ ಎನ್ನುತ್ತಾರೆ. ನಮ್ಮ ತಿಬ್ಬ್‌ನಲ್ಲಿ ಹಿಮ್ಮಡಿ ನೋವಿಗೆ ವಜಉಲ್ ಅಖಿಬ್ ಎಂದು ಹೆಸರು. ಎಕ್ಸ್‌ರೇ ತೆಗೆಸಿದರೆ ಹಲವರಿಗೆ ಹಿಮ್ಮಡಿಯ ಎಲುಬಿನಲ್ಲಿ ಸಣ್ಣ ಕೊಕ್ಕೆಯಂಥ ಬೆಳವಣಿಗೆ ಕಾಣುತ್ತದೆ. ಅಲ್ಲಿಂದ ಹೆದರಿಕೆ ಶುರು. "ಎಲುಬು ಬೆಳೆದಿದೆಯಂತೆ ಹಕೀಮ್ ಸಾಬ್, ಕೊಯ್ಯಬೇಕಾ?" ಎಂದು ಬರುತ್ತಾರೆ. ಈ ಕೊಕ್ಕೆ ನೋವೇ ಇಲ್ಲದ ಎಷ್ಟೋ ಜನರ ಕಾಲಿನಲ್ಲೂ ಇರುತ್ತದೆ. ನೋವು ಬರುವುದು ಪಟ್ಟಿಯಿಂದ.

ಯಂತ್ರದ ಹುಡುಗನ ಮಾತಿನಲ್ಲಿ ನನಗೆ ಮೊದಲು ಅನುಮಾನ ಬಂದದ್ದು ಇಲ್ಲಿಯೇ. "ಬೆಳೆದ ಎಲುಬನ್ನು ಪುಡಿ ಮಾಡುತ್ತೆ ಸಾರ್" ಎಂದಿದ್ದ. ಪುಡಿ ಮಾಡುವುದಿಲ್ಲ. ಈ ತಪ್ಪು ಕಲ್ಪನೆ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಕಥೆ ಇದೆ. ಜರ್ಮನಿಯ ಡಾರ್ನಿಯರ್ ಎಂಬ ವಿಮಾನ ಕಂಪನಿಯವರು, ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಲೋಹಕ್ಕೆ ಏನಾಗುತ್ತದೆ ಎಂದು ಪರೀಕ್ಷಿಸುತ್ತಿದ್ದರು. ಆ ಆಘಾತದ ಅಲೆಗಳ ಅಭ್ಯಾಸ ಮುಂದೆ ವೈದ್ಯರ ಕೈಗೆ ಬಂತು. 1980ರ ಫೆಬ್ರವರಿ 7ರಂದು ಮ್ಯೂನಿಕ್ ನಗರದಲ್ಲಿ ಕ್ರಿಶ್ಚಿಯನ್ ಚೌಸಿ ಮತ್ತು ಜೊತೆಯವರು ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಮಲಗಿಸಿ, ಹೊರಗಿನಿಂದಲೇ ಅಲೆ ಹಾಯಿಸಿ ಮೂತ್ರಪಿಂಡದ ಕಲ್ಲು ಒಡೆದರು. ಕತ್ತಿ ಇಲ್ಲದೆ ಕಲ್ಲು ಹೋಯಿತು. ನಮ್ಮ ಬಿಸಿಲಿನ ಜಿಲ್ಲೆಯಲ್ಲಿ ಈ ಚಿಕಿತ್ಸೆಯಿಂದ ಕಲ್ಲು ಒಡೆಸಿಕೊಂಡವರು ನಿಮ್ಮ ನೆಂಟರಲ್ಲೇ ಒಬ್ಬಿಬ್ಬರು ಇರಬಹುದು.

ಕಲ್ಲಿಗೆ ಹಾಯಿಸಿದ ಅಲೆ ಹತ್ತಿರದ ಎಲುಬಿನ ಮೇಲೂ ಪರಿಣಾಮ ಮಾಡುತ್ತದೆ, ಎಲುಬು ಹೊಸದಾಗಿ ಬೆಳೆಯುತ್ತದೆ ಎಂಬುದು ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಕಂಡಿತು. ಅಲ್ಲಿಂದ ಇದನ್ನು ಕೂಡದ ಮೂಳೆಗೆ, ಆಮೇಲೆ ಸ್ನಾಯುರಜ್ಜುಗಳ ನೋವಿಗೆ ಬಳಸತೊಡಗಿದರು. 2000ನೇ ಇಸವಿಯಲ್ಲಿ ಅಮೆರಿಕದ ಔಷಧ ಇಲಾಖೆ ಹಿಮ್ಮಡಿ ನೋವಿಗೆ ಇಂಥ ಒಂದು ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಇಲ್ಲಿ ಉದ್ದೇಶ ಒಡೆಯುವುದಲ್ಲ, ಕೆರಳಿಸುವುದು. ಮಾಯದೆ ನಿಂತುಹೋದ ಜಾಗಕ್ಕೆ ಪೆಟ್ಟು ಕೊಟ್ಟರೆ ಶರೀರ ಮತ್ತೆ ಅಲ್ಲಿಗೆ ರಕ್ತ ಹರಿಸಿ ರಿಪೇರಿ ಶುರು ಮಾಡುತ್ತದೆ ಎಂಬುದು ಇದರ ಹಿಂದಿನ ವಿಚಾರ. ನನ್ನ ಮುಂದೆ ಇಟ್ಟಿದ್ದು ಕಲ್ಲು ಒಡೆಯುವ ಜಾತಿಯ ಯಂತ್ರವೂ ಅಲ್ಲ. ಕಲ್ಲಿನ ಯಂತ್ರದ ಅಲೆ ಭೂತಗನ್ನಡಿಯ ಬಿಸಿಲಿನ ಹಾಗೆ ಆಳದಲ್ಲಿ ಒಂದೆಡೆ ಸೇರುತ್ತದೆ. ಗಾಳಿಯ ಒತ್ತಡದ ಯಂತ್ರದ ಪೆಟ್ಟು ಚರ್ಮದ ಬಳಿ ಜೋರಾಗಿದ್ದು ಒಳಗೆ ಹೋದಂತೆ ಚದುರಿ ಕುಗ್ಗುತ್ತದೆ. ಎರಡಕ್ಕೂ ಬೋರ್ಡಿನಲ್ಲಿ ಒಂದೇ ಹೆಸರು.

ಹಾಗಾದರೆ ಗುಣ ಇದೆಯೋ ಇಲ್ಲವೋ? ಇದೆ, ಆದರೆ ಕರಪತ್ರದಲ್ಲಿ ಬರೆದಷ್ಟಿಲ್ಲ. 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಬಹುಕಾಲದ ಹಿಮ್ಮಡಿ ನೋವಿದ್ದ ಸುಮಾರು 250 ಜನರನ್ನು ತೆಗೆದುಕೊಂಡರು. ಅರ್ಧ ಜನರಿಗೆ ಗಾಳಿ ಒತ್ತಡದ ಯಂತ್ರದಿಂದ ಮೂರು ಸಲ, ಸಲಕ್ಕೆ 2000 ಪೆಟ್ಟು. ಉಳಿದವರಿಗೆ ಯಂತ್ರ ಹಚ್ಚಿದ ಹಾಗೆ ಮಾಡಿ, ಪೆಟ್ಟು ಒಳಗೆ ಹೋಗದಂತೆ ನೋಡಿಕೊಂಡರು. ಮೂರು ತಿಂಗಳಿಗೆ ಪೆಟ್ಟು ತಿಂದವರಲ್ಲಿ ನೂರಕ್ಕೆ 61 ಜನರಿಗೆ ಒಳ್ಳೆಯ ಗುಣ ಕಂಡಿತ್ತು. ಸುಮ್ಮನೆ ಹಚ್ಚಿಸಿಕೊಂಡವರಲ್ಲಿ? ನೂರಕ್ಕೆ 42. ಈ ಎರಡನೇ ಅಂಕಿ ಕರಪತ್ರದಲ್ಲಿ ಇರುವುದಿಲ್ಲ. ಅಂದರೆ ಗುಣ ಕಂಡ 61 ಜನರಲ್ಲಿ ಸುಮಾರು 19 ಜನರ ಗುಣವನ್ನು ಮಾತ್ರ ಯಂತ್ರದ ಲೆಕ್ಕಕ್ಕೆ ಹಾಕಬಹುದು. ಉಳಿದದ್ದು ಕಾಲ, ನಂಬಿಕೆ, ವಿಶ್ರಾಂತಿ.

ಇದಕ್ಕೂ ಮೊದಲು, 2002ರಲ್ಲಿ ಆಸ್ಟ್ರೇಲಿಯಾದಲ್ಲಿ 166 ಜನರ ಮೇಲೆ, 2003ರಲ್ಲಿ ಜರ್ಮನಿಯಲ್ಲಿ 272 ಜನರ ಮೇಲೆ ಬೇರೆ ಬಗೆಯ ಯಂತ್ರದಿಂದ ನಡೆದ ಅಧ್ಯಯನಗಳಲ್ಲಿ ನಿಜದ ಪೆಟ್ಟಿಗೂ ಸುಳ್ಳು ಪೆಟ್ಟಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಜರ್ಮನಿಯಲ್ಲಿ ಜಾಗ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಹೊಡೆದಿದ್ದರು, ಅದರಿಂದ ಪರಿಣಾಮ ಕುಗ್ಗಿತು ಎಂದು ಯಂತ್ರದ ಪರ ಇರುವವರು ವಾದಿಸುತ್ತಾರೆ. ಇರಬಹುದು. ವೈದ್ಯರಲ್ಲೇ ಇಷ್ಟು ವಾದ ಇರುವಾಗ "ಖಾತ್ರಿ ಗುಣ" ಎಂದು ಬೋರ್ಡು ಬರೆಯುವುದು ಹೇಗೆ?

ನನ್ನ ಮನಸ್ಸು ತಿರುಗಿಸಿದ್ದು ಇನ್ನೊಂದು ಅಧ್ಯಯನ, 2010ರದು. ನೋವು ಶುರುವಾಗಿ ಆರು ವಾರದೊಳಗೆ ಬಂದ 102 ಜನ. ಅರ್ಧ ಜನರಿಗೆ ಯಂತ್ರ, ಅರ್ಧ ಜನರಿಗೆ ಪಾದದ ಪಟ್ಟಿಯನ್ನು ಎಳೆಯುವ ಒಂದೇ ಒಂದು ವ್ಯಾಯಾಮ. ಎರಡು ತಿಂಗಳಲ್ಲೂ ನಾಲ್ಕು ತಿಂಗಳಲ್ಲೂ ವ್ಯಾಯಾಮದವರೇ ಮುಂದೆ. ಪೈಸೆ ಖರ್ಚಿಲ್ಲದ ವ್ಯಾಯಾಮ ಯಂತ್ರವನ್ನು ಹಿಂದಿಕ್ಕಿತು, ಅದೂ ಯಂತ್ರ ಬಲ್ಲವರೇ ಮಾಡಿದ ಅಧ್ಯಯನದಲ್ಲಿ.

ಆ ವ್ಯಾಯಾಮ ಹೇಳುತ್ತೇನೆ, ಈಗಲೇ ಮಾಡಿ ನೋಡಿ. ಕೂತುಕೊಂಡು ನೋವಿನ ಕಾಲನ್ನು ಇನ್ನೊಂದು ತೊಡೆಯ ಮೇಲೆ ಅಡ್ಡ ಇಡಿ. ಒಂದು ಕೈಯಿಂದ ಐದೂ ಬೆರಳುಗಳ ಬುಡ ಹಿಡಿದು ಮೊಣಕಾಲಿನ ಕಡೆ ಹಿಂದಕ್ಕೆ ಎಳೆಯಿರಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಪಾದದಡಿ ಮುಟ್ಟಿದರೆ ಪಟ್ಟಿ ತಂತಿಯ ಹಾಗೆ ಬಿಗಿಯಾಗಿ ಸಿಗಬೇಕು. ಹತ್ತು ಎಣಿಸುವವರೆಗೆ ಹಿಡಿಯಿರಿ, ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೊದಲನೆಯ ಹೊತ್ತು ಬೆಳಗ್ಗೆ ಹಾಸಿಗೆಯಲ್ಲೇ ಆಗಬೇಕು, ಕಾಲು ನೆಲಕ್ಕೆ ತಾಗುವ ಮೊದಲು. ಅಝಾನ್ ಕೇಳಿದ ಕೂಡಲೇ ಎದ್ದು ಓಡುವವರು ಎರಡು ನಿಮಿಷ ಮೊದಲು ಎದ್ದರೆ ಆಯಿತು. ಮೀನಖಂಡದ ಬಿಗಿತಕ್ಕೆ ಗೋಡೆಗೆ ಕೈ ಕೊಟ್ಟು, ಹಿಂದಿನ ಕಾಲಿನ ಹಿಮ್ಮಡಿ ನೆಲಕ್ಕೆ ಊರಿ ಮುಂದಕ್ಕೆ ಬಾಗುವುದನ್ನೂ ಸೇರಿಸಿ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಇರಲಿ. ಮನೆಯೊಳಗೆ ಚಪ್ಪಲಿ ಎಂದರೆ ನಮ್ಮ ಅಮ್ಮಂದಿರು ಒಪ್ಪುವುದಿಲ್ಲ. ಒಳಗಿನದಕ್ಕೆ ಬೇರೆ ಜೋಡಿ ಇಟ್ಟುಕೊಂಡರೆ ತಹಾರತ್‌ಗೂ ಅಡ್ಡಿ ಇಲ್ಲ.

ಖಅದಾದಲ್ಲಿ ಬಲಪಾದ ನಿಲ್ಲಿಸಿ ಬೆರಳುಗಳನ್ನು ಮಡಚಿ ಕೂರುತ್ತೇವಲ್ಲ, ಆಗಲೂ ಈ ಪಟ್ಟಿ ಎಳೆಯುತ್ತದೆ. ಹಾಗೆಂದು ನಮಾಝನ್ನು ವ್ಯಾಯಾಮದ ಲೆಕ್ಕಕ್ಕೆ ಇಳಿಸುವ ಬರಹಗಳು ನನಗೆ ಸೇರುವುದಿಲ್ಲ. ಹೇಳುವುದು ಇಷ್ಟೇ: ಹಿಮ್ಮಡಿ ನೋವಿಗೆ ಹೆದರಿ ತಕ್ಷಣ ಕುರ್ಚಿಗೆ ಹೋಗಬೇಕಿಲ್ಲ.

ವ್ಯಾಯಾಮವನ್ನು ಬಿಡದೆ ಮಾಡಿದರೆ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ, ತಡವಾದರೂ ವರ್ಷದೊಳಗೆ ಹಿಡಿತಕ್ಕೆ ಬರುತ್ತದೆ. "ಮಾಡ್ತಾ ಇದೀನಿ" ಎನ್ನುವವರು ಎರಡು ದಿನ ಮಾಡಿ ಬಿಟ್ಟಿರುತ್ತಾರೆ. ಅದರಲ್ಲಿ ನಮ್ಮ ತಪ್ಪೂ ಇದೆ. ತೋರಿಸಿಕೊಡಲು ವೈದ್ಯರಾದ ನಮಗೆ ಐದು ನಿಮಿಷ ಇರುವುದಿಲ್ಲ.

ಇನ್ನು ಖಾಲಾ ಒಬ್ಬರ ಸಂಗತಿ. ಐವತ್ತೈದರ ಹತ್ತಿರದ ವಯಸ್ಸು, ಮಗ ಕೂಲಿ. ಎರಡೂ ಪಾದ ಉರಿಯುತ್ತದೆ, ಚುಚ್ಚುತ್ತದೆ ಎಂದು ಒಂದು ಊರಿನ ನೋವಿನ ಕೇಂದ್ರಕ್ಕೆ ಹೋಗಿದ್ದರು. ಯಾವುದೆಂದು ಬರೆಯುವುದಿಲ್ಲ, ಬರೆದು ಪ್ರಯೋಜನವೂ ಇಲ್ಲ. ಹತ್ತು ಸಲ ಯಂತ್ರ ಹಚ್ಚಿಸಿಕೊಳ್ಳಬೇಕು, ಹಣ ಮೊದಲೇ ಕಟ್ಟಿದರೆ ರಿಯಾಯಿತಿ ಎಂದರಂತೆ. ಕಿವಿಯ ಓಲೆ ಅಡವಿಟ್ಟು ಕಟ್ಟಿದರು. ಹತ್ತೂ ಮುಗಿದು, ಉರಿ ಹಾಗೇ ಇತ್ತು. ನನ್ನ ಹತ್ತಿರ ಬಂದಾಗ, ಯಂತ್ರ ಹಚ್ಚುವಾಗ ನೋವಾಗಲಿಲ್ಲವೇ ಖಾಲಾ ಎಂದು ಕೇಳಿದೆ.

"ಏನೂ ಗೊತ್ತಾಗ್ಲಿಲ್ಲ ಬೇಟಾ. ಪಕ್ಕದ ಮಂಚದಾಕಿ ಕಿರಿಚ್ತಿದ್ಲು. ನನಗೆ ಅಲ್ಲಾಹ್ ಸಬರ್ ಕೊಟ್ಟಾನ ಅನ್ಕೊಂಡೆ."

ಅದು ಸಬ್ರ್ ಅಲ್ಲ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಪಾದ ಸವರಿದೆ. ಬೆರಳುಗಳಿಂದ ಹಿಮ್ಮಡಿಯವರೆಗೆ ಎಲ್ಲಿ ಮುಟ್ಟಿದರೂ ತಿಳಿಯಲಿಲ್ಲ. ಸಕ್ಕರೆ ಪರೀಕ್ಷೆ ಮಾಡಿಸಿದರೆ ಬರಿಹೊಟ್ಟೆಯಲ್ಲೇ ಮುನ್ನೂರರ ಮೇಲೆ. ಸಕ್ಕರೆ ಕಾಯಿಲೆಯಿಂದ ನರಗಳು ಸತ್ತ ಪಾದ ಅದು. ರಾತ್ರಿ ಹೆಚ್ಚಾಗುವ ಉರಿ, ಎರಡೂ ಪಾದಕ್ಕೆ ಒಟ್ಟಿಗೆ, ಬೆಳಗಿನ ಮೊದಲ ಹೆಜ್ಜೆಗೆ ವಿಶೇಷ ನೋವು ಇಲ್ಲ. ಎರಡು ಪ್ರಶ್ನೆ ಕೇಳಿದ್ದರೆ ತಿಳಿಯುತ್ತಿತ್ತು. ಸ್ಪರ್ಶ ತಿಳಿಯದ ಪಾದಕ್ಕೆ ಹತ್ತು ಸಲ ಎರಡೆರಡು ಸಾವಿರ ಪೆಟ್ಟು ಬಿದ್ದವು. ಹುಣ್ಣಾಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಬಳ್ಳಾರಿಯ ಸರ್ಕಾರಿ ದೊಡ್ಡಾಸ್ಪತ್ರೆಗೆ ಚೀಟಿ ಬರೆದು ಕಳಿಸಿದೆ. ಈಗ ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಓಲೆ ಇನ್ನೂ ಬಿಡಿಸಿಕೊಂಡಿಲ್ಲ.

ಖಾಲಾಗೆ ಯಂತ್ರ ಹಚ್ಚಿದವರು ಕೆಟ್ಟವರು ಎಂದು ನಾನು ಹೇಳಲಾರೆ. ಯಾಕೆಂದರೆ ಆ ಯಂತ್ರ ನನ್ನ ಮೇಜಿನ ಮೇಲೆ ಇದ್ದಿದ್ದರೆ ನಾನು ಏನು ಮಾಡುತ್ತಿದ್ದೆ ಎಂಬ ಲೆಕ್ಕ ಹಾಕಿದ್ದೇನೆ. ಆರು ಲಕ್ಷವನ್ನು ಮೂವತ್ತಾರು ಕಂತಿಗೆ ಹಂಚಿದರೆ ತಿಂಗಳಿಗೆ ಸುಮಾರು ಹದಿನೇಳು ಸಾವಿರ. ನಮ್ಮ ಹಳ್ಳಿಯಲ್ಲಿ ಒಂದು ಸಲಕ್ಕೆ 800 ರೂಪಾಯಿಗಿಂತ ಹೆಚ್ಚು ಕೇಳಲಾಗದು. ಕಂತು ಮುಟ್ಟಿಸಲಿಕ್ಕೇ ತಿಂಗಳಿಗೆ ಇಪ್ಪತ್ತೊಂದು ಸಲ ಯಂತ್ರ ಓಡಬೇಕು. ಒಬ್ಬರಿಗೆ ಮೂರು ಸಲ ಎಂದರೆ ತಿಂಗಳಿಗೆ ಏಳು ಜನ ಹೊಸ ರೋಗಿಗಳು, ಮೂರು ವರ್ಷ, ತಪ್ಪದೆ. ನನ್ನ ರಿಜಿಸ್ಟರಿನಲ್ಲಿ ಒಂದು ವರ್ಷದ ಹಿಮ್ಮಡಿ ನೋವಿನವರನ್ನೆಲ್ಲ ಹುಡುಕಿ, ಆರು ತಿಂಗಳು ದಾಟಿದವರು, ವ್ಯಾಯಾಮ ನಿಜವಾಗಿ ಮಾಡಿಯೂ ಗುಣವಾಗದವರು ಎಷ್ಟು ಎಂದು ಎಣಿಸಿದೆ. ಒಂದು ಕೈಯ ಬೆರಳು ಮುಗಿಯಲಿಲ್ಲ. ಮಿಕ್ಕವರನ್ನು ಎಲ್ಲಿಂದ ತರಲಿ? ವ್ಯಾಯಾಮ ಹೇಳಿಕೊಡಬೇಕಾದ ಹುಡುಗನಿಗೆ "ಮೂರು ಸಲ ಹಚ್ಚಿಸಿಕೋ" ಎನ್ನಬೇಕು, ಮೂರು ಸಾಕಾದವರಿಗೆ ಆರು ಎನ್ನಬೇಕು, ಪಾದ ಉರಿಯುವ ಖಾಲಾಗೂ ಹಚ್ಚಬೇಕು. ನಾನು ಅಷ್ಟು ಗಟ್ಟಿ ಮನುಷ್ಯನಲ್ಲ. ಕಂತಿನ ತಾರೀಖು ಹತ್ತಿರ ಬಂದಾಗ ನನ್ನ ನಿದಾನ ಬದಲಾಗುವುದಿಲ್ಲ ಎಂದು ಆಣೆ ಮಾಡಲಾರೆ.

ಈಗ ಆ ತಗ್ಗಿದ ದನಿಯ ಮಾತು. ಈ ಪುಟವನ್ನು ಮನೆಮಂದಿಯೆಲ್ಲ ಓದುವುದರಿಂದ ಹದವಾಗಿ ಹೇಳುತ್ತೇನೆ. ಗಂಡಸರ ದೌರ್ಬಲ್ಯಕ್ಕೆ ಕಡಿಮೆ ಶಕ್ತಿಯ ಅಲೆಗಳನ್ನು ಹಾಯಿಸುವ ಪ್ರಯೋಗ 2010ರಿಂದ ನಡೆಯುತ್ತಿದೆ. ರಕ್ತನಾಳದ ತೊಂದರೆಯಿಂದ ಬಂದ ಸೌಮ್ಯ ಪ್ರಕರಣಗಳಲ್ಲಿ ಸ್ವಲ್ಪ ಫಲ ಕಂಡಿದೆ ಎನ್ನುವವರಿದ್ದಾರೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2018ರ ಮಾರ್ಗಸೂಚಿಯಲ್ಲಿ ಇದನ್ನು ಇನ್ನೂ ಸಂಶೋಧನೆಯ ಹಂತದ್ದು ಎಂದೇ ಇಟ್ಟಿತು. ಆ ಪ್ರಯೋಗಗಳು ಹೆಚ್ಚಾಗಿ ನಡೆದದ್ದು ಅಲೆ ಒಂದೆಡೆ ಸೇರುವ ಯಂತ್ರಗಳಿಂದ. ನನಗೆ ಮಾರಲು ತಂದದ್ದು ಬರೀ ಗಾಳಿಯ ಸುತ್ತಿಗೆ.

ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಇಂಥ ದೂರಿನೊಂದಿಗೆ ನಲವತ್ತು ದಾಟಿದವರು ಬಂದರೆ ಅದು ಹಲವು ಸಲ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ, ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತಿರುವುದರ ಮೊದಲ ಸೂಚನೆ. ನಾಚಿಕೆಯಿಂದ ಮನೆಯಲ್ಲಿ ಹೇಳದೆ, ಬಸ್‌ಸ್ಟ್ಯಾಂಡಿನ ಪಕ್ಕದ ಲಾಡ್ಜಿನಲ್ಲಿ ಕೂತ ಯಾವುದೋ ಹೆಸರಿಲ್ಲದ ಹಕೀಮನ ಹತ್ತಿರ ಹೋಗುತ್ತಾರೆ. ಅಲ್ಲಿ ಇಷ್ಟು ದಿನ ಭಸ್ಮ, ತಿಲಾ ಇತ್ತು. ಇನ್ನು ಮೇಲೆ ಯಂತ್ರ ಬರಬಹುದು. ಇಂಥ ಚಿಕಿತ್ಸೆಯ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆ ನಿಷೇಧಿಸಿದೆ. ಆದರೂ ಗೋಡೆಗಳ ಮೇಲೆ ಬರಹ ನಿಂತಿಲ್ಲ. ಓದಿ ಪದವಿ ಪಡೆದ ನಮ್ಮಂಥವರಿಗೆ ಯಂತ್ರ ಮಾರುವ ಹುಡುಗ ಕೂಡ ಆ ಮಾತು ಹೇಳುತ್ತಾನೆಂದರೆ ಅದಕ್ಕೆ ಆ ಗೋಡೆಬರಹಗಳೇ ಕಾರಣ. ಗಂಡಂದಿರು ಮೊದಲು ಸಕ್ಕರೆ, ರಕ್ತದೊತ್ತಡ ನೋಡಿಸಲಿ. ಹೆಂಡಂದಿರಿಗೆ ವಿಷಯ ಗೊತ್ತಾದರೆ ಕೆಣಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಲಿ.

ನಮ್ಮವರಲ್ಲೇ ಕೆಲವು ಹಕೀಮರು ಬೇರೆ ವಾದ ಹೂಡುತ್ತಾರೆ. ತಿಬ್ಬ್‌ನಲ್ಲಿ ಇಲಾಜ್ ಬಿತ್ ತದ್‌ಬೀರ್ ಇದೆ, ಅದರಲ್ಲಿ ದಲ್ಕ್ ಇದೆ. ಇಬ್ನ್ ಸೀನಾ ಗಡುಸಾದ ಮಾಲೀಶು, ಮೃದುವಾದ ಮಾಲೀಶು ಎಂದು ಬೇರೆ ಬೇರೆ ಬಗೆಗಳನ್ನೂ ಅವುಗಳ ಗುಣವನ್ನೂ ವಿಂಗಡಿಸಿದ್ದಾರೆ. ಈ ಯಂತ್ರವೂ ಒಂದು ಗಡುಸಾದ ದಲ್ಕ್ ತಾನೆ, ನಾವು ಯಾಕೆ ಹಚ್ಚಬಾರದು ಎನ್ನುತ್ತಾರೆ. ಈ ವಾದ ನನಗೆ ಹಿಡಿಸಲಿಲ್ಲ. ಕೈಗೆ ಸ್ಪರ್ಶ ಇದೆ, ಎಲ್ಲಿ ಬಿಗಿ ಎಲ್ಲಿ ಬಾವು ಎಂದು ಗೊತ್ತಾಗುತ್ತದೆ. ಹಳೆಯ ಹೆಸರು ಅಂಟಿಸಿದರೆ ಹೊಸ ಯಂತ್ರ ನಮಗೆ ತಿಳಿದಂತಾಗುವುದಿಲ್ಲ. ನಾನು ಓದಿದ ಪಠ್ಯದಲ್ಲಿ ಇದು ಇರಲಿಲ್ಲ, ಇದರ ಮೇಲೆ ನನಗೆ ಯಾರೂ ತರಬೇತಿ ಕೊಟ್ಟಿಲ್ಲ. ಒಂದು ಪದ್ಧತಿ ಓದಿದವನು ತಿಳಿಯದ ಇನ್ನೊಂದು ಪದ್ಧತಿಯ ಚಿಕಿತ್ಸೆ ಮಾಡಿದರೆ ಅದು ನಿರ್ಲಕ್ಷ್ಯವೇ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಪೂನಂ ವರ್ಮಾ ಪ್ರಕರಣದಲ್ಲಿ ಹೇಳಿತು. ಬಲ್ಲವನಲ್ಲದೆ ವೈದ್ಯ ಮಾಡಿದವನು ಹಾನಿಗೆ ಝಾಮಿನ್, ಅಂದರೆ ಹೊಣೆಗಾರ ಎಂಬ ಅರ್ಥದ ಹದೀಸ್ ಅಬೂದಾವೂದ್ ಸಂಗ್ರಹದಲ್ಲಿ ಅದಕ್ಕೂ ಎಷ್ಟೋ ಶತಮಾನ ಮೊದಲೇ ಇದೆ. ಎರಡೂ ನನಗೆ ಅನ್ವಯಿಸುತ್ತವೆ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ತದ್‌ಬೀರ್‌ನ ಸ್ನಾತಕೋತ್ತರ ವಿಭಾಗ ಇದೆ. ದಲ್ಕ್, ವ್ಯಾಯಾಮ, ಯಂತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಅಲ್ಲಿ ಅಧ್ಯಯನ ಆದರೆ ನಾನು ಮೊದಲು ಓದುತ್ತೇನೆ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಕಡೆಯೂ ನೋಡಬೇಕು. ಹಿಜಾಮಾವನ್ನು ಸುನ್ನತ್ ಎಂಬ ಹೆಸರಿನಲ್ಲಿ ಪ್ಯಾಕೇಜ್ ಮಾಡಿ, ಸಕ್ಕರೆ, ರಕ್ತ ತೆಳುವಾಗಿಸುವ ಮಾತ್ರೆ ಯಾವುದನ್ನೂ ಕೇಳದೆ, ಶಾಮಿಯಾನದಡಿ ಸಾಲಾಗಿ ಕೂರಿಸಿ ಮಾಡುವ ಶಿಬಿರಗಳನ್ನು ನಾನೂ ನೋಡಿದ್ದೇನೆ. ಯಂತ್ರದವರಿಗೆ ಕೇಳಿದ ಪ್ರಶ್ನೆಯನ್ನೇ ಅಲ್ಲಿಯೂ ಕೇಳಿ. ನನ್ನ ರೋಗನ್ ಬಾಬೂನಾ ಮಾಲೀಶಿಗೂ ಕೇಳಿ. ಎಣ್ಣೆ ಹಚ್ಚಿ ತಿಕ್ಕಿ ಬಿಸಿ ಶಾಖ ಕೊಟ್ಟರೆ ಹಿಮ್ಮಡಿಗೆ ಹಿತ ಎನ್ನುತ್ತಾರೆ ರೋಗಿಗಳು. ಬೇರಿನಿಂದ ಹೋಗುತ್ತದೆ ಎಂದು ನಾನು ಯಾರಿಗೂ ಹೇಳಿಲ್ಲ.

ಯಂತ್ರದಿಂದ ಯಾರಿಗೂ ಉಪಯೋಗ ಇಲ್ಲ ಎಂದು ಓದಿಕೊಳ್ಳಬೇಡಿ. ನನ್ನಲ್ಲಿ ಬರುತ್ತಿದ್ದ ಶಾಲಾ ಶಿಕ್ಷಕಿಯೊಬ್ಬರು ಒಂದೂವರೆ ವರ್ಷ ನೋವು ತಿಂದವರು. ಹೇಳಿದ ವ್ಯಾಯಾಮವನ್ನು ರಮಝಾನಿನಲ್ಲೂ ಬಿಡಲಿಲ್ಲ, ಐದು ಕಿಲೋ ತೂಕವನ್ನೂ ಇಳಿಸಿದರು. ಆದರೂ ಹೋಗಲಿಲ್ಲ. ಅವರನ್ನು ಮೂಳೆ ವೈದ್ಯರಿಗೂ, ಅವರ ಮೂಲಕ ಪದವಿ ಪಡೆದ ಫಿಸಿಯೋಥೆರಪಿಸ್ಟ್ ಒಬ್ಬರಿಗೂ ನಾನೇ ಕಳಿಸಿದೆ. ವಾರಕ್ಕೊಂದರಂತೆ ಮೂರು ಸಲ ಶಾಕ್‌ವೇವ್ ಕೊಟ್ಟರು. ಮುಗಿದ ಕೂಡಲೇ ಏನೂ ಬದಲಾಗಲಿಲ್ಲ. ಎರಡು ತಿಂಗಳು ಕಳೆದು ಬಂದು, ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳ ಮುಂದೆ ನಿಂತುಕೊಳ್ಳುತ್ತಿದ್ದೇನೆ ಎಂದರು. ಯಂತ್ರದಿಂದಲೋ ಕಾಲದಿಂದಲೋ, ಒಬ್ಬರನ್ನು ನೋಡಿ ಹೇಳಲಾಗದು. ಭುಜದೊಳಗೆ ಸುಣ್ಣದಂಥ ಗಟ್ಟಿ ಕೂತು ಕೈ ಎತ್ತಲಾಗದವರಿಗೂ ಅಲೆ ಒಂದೆಡೆ ಸೇರುವ ದೊಡ್ಡ ಯಂತ್ರದಿಂದ ಫಲ ಇದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಕಸುಬಿನ ಬಂಧುಗಳು ಇದನ್ನು ನೆನಪಿಡಲಿ. ಆದರೆ ಭುಜದ ನೋವೆಲ್ಲ ಅದಲ್ಲ, ಎಕ್ಸ್‌ರೇಯಲ್ಲಿ ಕಾಣಬೇಕು.

ಕೆಲವರಿಗೆ ಇದು ಬೇಡವೇ ಬೇಡ. ಬಸುರಿ ಹೆಂಗಸರು, ಹಚ್ಚುವ ಜಾಗದಲ್ಲಿ ಗೆಡ್ಡೆ ಅಥವಾ ಕ್ಯಾನ್ಸರ್ ಇರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು, ಅಲ್ಲಿ ಕೀವು ಅಥವಾ ಹುಣ್ಣು ಇರುವವರು, ಎಲುಬು ಇನ್ನೂ ಬೆಳೆಯುತ್ತಿರುವ ಮಕ್ಕಳು. ಹಿಮ್ಮಡಿಗೆ ಸ್ಟಿರಾಯ್ಡ್ ಚುಚ್ಚಿಸಿಕೊಂಡು ಆರು ವಾರ ಆಗದವರೂ ಕಾಯಬೇಕು. ಹೃದಯಕ್ಕೆ ಪೇಸ್‌ಮೇಕರ್ ಇರುವವರು ಅದನ್ನು ಮೊದಲೇ ಹೇಳಲಿ. ಸಕ್ಕರೆ ಕಾಯಿಲೆಯವರ ಪಾದವನ್ನು ಮುಟ್ಟಿ ಪರೀಕ್ಷಿಸದೆ ಯಾರಾದರೂ ಜೆಲ್ ಹಚ್ಚಲು ಬಂದರೆ ಎದ್ದು ಬನ್ನಿ. ರಾತ್ರಿ ಮಲಗಿದಾಗಲೂ ಬಿಡದ ನೋವು, ಜ್ವರ, ಬಿದ್ದ ಮೇಲೆ ಬಂದ ಬಾವು, ಎಳೆ ವಯಸ್ಸಿನವರಿಗೆ ಬೆನ್ನಿನ ಬಿಗಿತದ ಜೊತೆ ಎರಡೂ ಹಿಮ್ಮಡಿಯ ನೋವು, ಇವು ಬೇರೆ ಕಾಯಿಲೆಗಳ ಗುರುತು.

ಇನ್ನು ಹಣದ ಮಾತು ಬಂದಾಗ ಕೇಳಬೇಕಾದ್ದು. ನನ್ನ ಕಾಯಿಲೆಯ ಹೆಸರೇನು, ಯಾರು ಪರೀಕ್ಷಿಸಿದರು? ಯಂತ್ರ ಯಾವ ಬಗೆಯದು, ಹಚ್ಚುವವರ ಓದು ಏನು? ಎಷ್ಟು ಸಲ? ಮೂರರಿಂದ ಐದು ಸಲಕ್ಕಿಂತ ಹೆಚ್ಚು ಹೇಳಿದರೆ ಯಾಕೆ? ಒಟ್ಟು ಹಣ ಮೊದಲೇ ಕಟ್ಟಬೇಡಿ, ಸಲಸಲಕ್ಕೆ ಕೊಡಿ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕ್ಲಿನಿಕ್ಕು ನೋಂದಣಿ ಆಗಿರಬೇಕು, ದರಪಟ್ಟಿ ಕಾಣುವ ಹಾಗೆ ಇರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳುವುದು ಅವಮಾನ ಅಲ್ಲ. ನನ್ನಲ್ಲಿ ಕೇಳಿದರೂ ತೋರಿಸುತ್ತೇನೆ, ಬಾಗಿಲ ಎಡಕ್ಕೆ ತೂಗುಹಾಕಿದ್ದೇನೆ.

ಆ ಹುಡುಗ ಎರಡು ವಾರಕ್ಕೆ ಫೋನ್ ಮಾಡಿದ. ಬೇಡಪ್ಪ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ನಮ್ಮಮ್ಮನಿಗೂ ಹಿಮ್ಮಡಿ ನೋವು. ಬೆಳಗ್ಗೆ ಏಳೋಕೆ ಆಗಲ್ಲ" ಎಂದ. ಯಂತ್ರ ಹಚ್ಚಲಿಲ್ಲವೇ ಎಂದು ಕೇಳಿದೆ. "ಡೆಮ್ಮೋ ಪೀಸು ಸಾರ್, ಮನೆಗೆ ಒಯ್ಯೋ ಹಾಗಿಲ್ಲ" ಎಂದ. ಕಾಲು ಅಡ್ಡ ಇಟ್ಟು ಬೆರಳು ಎಳೆಯುವುದನ್ನು ಫೋನಿನಲ್ಲೇ ಹೇಳಿಕೊಟ್ಟೆ. ಬರೆದುಕೊಂಡ.